ಕಲ್ಲಿನ ಕಟ್ಟೆಯೋ, ಉಕ್ಕಿನ ಕೊಳವೆಯೋ: ಹುಬ್ಬಳ್ಳಿ ಪೇಟೆಗೆ ಎಂಥ ಬಸ್ ತಂಗುದಾಣ ಬೇಕು

ಹುಬ್ಬಳ್ಳಿಯಲ್ಲಿ ಬಸ್ಸಿಗೆ ಕಾಯುವವರಿಗೆ ನಾಲ್ಕು ಬಗೆಯ ಆಸರೆಗಳಿವೆ. ರಸ್ತೆಯ ನಡುವೆ ತಾನಾಗಿ ತೆರೆಯುವ ಬಾಗಿಲುಗಳ, ಚಿಗರಿ ಎಂಬ ತ್ವರಿತ ಬಸ್ ಸಾರಿಗೆಯ ನಿಲ್ದಾಣ; ಫುಟ್‌ಪಾತಿನ ಮೇಲೆ ಜಾಹೀರಾತು ಹೊತ್ತು ನಿಂತ ಸ್ಟೀಲ್ ತಂಗುದಾಣ; ಶಾಸಕರದೋ ಸಂಸದರದೋ ಅನುದಾನದಲ್ಲಿ ಕಟ್ಟಿದ ಹಳೆಯ ಕಾಂಕ್ರೀಟ್ ತಂಗುದಾಣ; ಇವು ಯಾವುವೂ ಇಲ್ಲದ ಕಡೆ ಬೇವಿನ ಮರ ಅಥವಾ ಅಂಗಡಿಯ ಮುಂದಿನ ತಗಡು. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿ ಪೇಟೆಯಲ್ಲಿ, ಸ್ವಂತ ವಾಹನದ ಗೊಡವೆ ಇಲ್ಲ. ಹೀಗಾಗಿ ನಾಲ್ಕರಲ್ಲೂ ಎಲ್ಲ ಕಾಲದಲ್ಲೂ ನಿಂತವನು ನಾನು. ಪೇಟೆ ಬೀದಿಗೆ ಹೊಸ ತಂಗುದಾಣದ ಮಾತು ಬಂದಾಗಲೆಲ್ಲ ಬಣ್ಣ ಬಣ್ಣದ ನಕ್ಷೆಗಳು ಹರಿದಾಡುತ್ತವೆ. ಆ ನಕ್ಷೆಗಳಲ್ಲಿ ಮಳೆ ಓರೆಯಾಗಿ ಬೀಳುವುದಿಲ್ಲ, ಆಟೊ ಅಡ್ಡ ನಿಲ್ಲುವುದಿಲ್ಲ, ಕೂತವರೆಲ್ಲ ಇಪ್ಪತ್ತೈದರ ಹರೆಯದವರು.

ಮೊದಲು ಚಿಗರಿ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಲಾರಂಭಿಸಿ, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ಈ ತ್ವರಿತ ಸಾರಿಗೆಗೆ ಅವಳಿ ನಗರಗಳ ನಡುವಿನ ಸುಮಾರು 22 ಕಿಲೊಮೀಟರ್ ದಾರಿಯಲ್ಲಿ ಬಸ್ಸಿಗೇ ಮೀಸಲಾದ ಪಥವಿದೆ. ಟಿಕೆಟ್ ನಿಲ್ದಾಣದಲ್ಲೇ ಆಗಿಬಿಡುವುದರಿಂದ ಬಸ್ಸಿನೊಳಗೆ ಚಿಲ್ಲರೆಯ ಜಗಳವಿಲ್ಲ. ನಿಲ್ದಾಣದ ನೆಲವನ್ನು ಬಸ್ಸಿನ ನೆಲದ ಮಟ್ಟಕ್ಕೇ ಎತ್ತರಿಸಿದ್ದಾರೆ. ಹೊಸ್ತಿಲು ದಾಟಿದ ಹಾಗೆ ಒಳಗೆ ಕಾಲಿಟ್ಟರಾಯಿತು. ಮಂಡಿನೋವಿನ ನನ್ನ ಅವ್ವ ಸಾದಾ ಬಸ್ಸನ್ನು ಹತ್ತುವಾಗ ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಕಂಬಿ ಹಿಡಿದು, ಹಿಂದಿನವರ ಗೊಣಗಾಟ ಕೇಳಿಸಿಕೊಳ್ಳುತ್ತ ಮೈಯನ್ನು ಮೇಲಕ್ಕೆಳೆದುಕೊಳ್ಳಬೇಕು. ಚಿಗರಿ ಹತ್ತಲು ಅವಳಿಗೆ ಯಾರ ಕೈಯೂ ಬೇಡ. ಮಳೆ, ಬಿಸಿಲು, ಧೂಳಿನಿಂದ ಕಾಯುವ ವಿಷಯದಲ್ಲೂ ಉಳಿದ ಮೂರು ಇದರ ಹತ್ತಿರ ಸುಳಿಯುವುದಿಲ್ಲ.

ಹಾಗಾದರೆ ಪೇಟೆಗೂ ಇದನ್ನೇ ತನ್ನಿ ಎನ್ನುವವರಿದ್ದಾರೆ. ಅವರು ಒಮ್ಮೆ ಸಂಜೆ ಹೊತ್ತು ದುರ್ಗದಬೈಲಿನ ಕಡೆಯಿಂದ ಕೊಪ್ಪೀಕರ್ ರಸ್ತೆಯವರೆಗೆ ನಡೆದು ಬರಲಿ. ನಡುರಸ್ತೆಯ ನಿಲ್ದಾಣ ಜಾಗ ನುಂಗುವಂಥದ್ದು. ಹೋಗುವ ಬಸ್ಸಿಗೊಂದು ಪಥ, ಬರುವ ಬಸ್ಸಿಗೊಂದು ಪಥ, ನಡುವೆ ನಿಲ್ದಾಣ, ನಿಂತ ಬಸ್ಸನ್ನು ಹಿಂದಿಕ್ಕಲು ಮತ್ತೊಂದು ಪಥ, ಆಮೇಲೆ ಉಳಿದ ವಾಹನಗಳಿಗೆ ಎರಡೂ ಬದಿ ದಾರಿ. ವಿದ್ಯಾನಗರ, ನವನಗರದ ಕಡೆ ಹೆದ್ದಾರಿಯನ್ನು ಅಗಲಿಸಿ ಅಷ್ಟು ಜಾಗ ಮಾಡಿಕೊಂಡರು. ಪೇಟೆಯಲ್ಲಿ ಅಗಲಿಸಬೇಕೆಂದರೆ ಪೇಟೆಯನ್ನೇ ಒಡೆಯಬೇಕು. ಇನ್ನೊಂದು ಮಾತು: ಧಾರವಾಡದವರೆಗೆ ಹೋಗುವವನಿಗೆ ರಸ್ತೆ ದಾಟಿ, ಇಳಿಜಾರು ಹತ್ತಿ, ಟಿಕೆಟ್ ತೋರಿಸಿ ಒಳಹೋಗುವ ಸಮಯ ದಾರಿಯಲ್ಲಿ ಮರಳಿ ಸಿಗುತ್ತದೆ. ಕಾಯಿಪಲ್ಲೆಯ ಚೀಲ ಹಿಡಿದು ಎರಡು ನಿಲ್ದಾಣದಾಚೆ ಇಳಿಯುವವಳಿಗೆ ಅದು ಸಿಗುವುದೇ ಇಲ್ಲ. ಉದ್ದ ದಾರಿಗೆ ಚಿಗರಿಯನ್ನು ಬಿಟ್ಟು ನಾನು ಬೇರೆ ಆಯ್ಕೆ ಮಾಡುವುದಿಲ್ಲ. ಪೇಟೆಯ ಸ್ಪರ್ಧೆ ಮಾತ್ರ ಉಳಿದ ಮೂರರ ನಡುವೆ.

ಸ್ಟೀಲ್ ತಂಗುದಾಣವನ್ನು ಸ್ವಲ್ಪ ಹೊತ್ತು ಗಮನವಿಟ್ಟು ನೋಡಬೇಕು, ಏಕೆಂದರೆ ಮುಂದೆ ಬರುವ ಹೊಸವೂ ಬಹುತೇಕ ಇದೇ ಜಾತಿಯವು. ಹೊಳೆಯುವ ಕಂಬಗಳು, ಬಾಗಿದ ಚಾವಣಿ, ಎರಡೂ ತುದಿಗೆ ಜಾಹೀರಾತಿನ ಪೆಟ್ಟಿಗೆ. ಕಟ್ಟುವ ಏಜೆನ್ಸಿಗೆ ಜಾಹೀರಾತಿನ ಹಕ್ಕು, ಸ್ಥಳೀಯ ಸಂಸ್ಥೆಗೆ ಖರ್ಚಿಲ್ಲದ ತಂಗುದಾಣ: ಎಲ್ಲ ನಗರಗಳಲ್ಲೂ ನಡೆದು ಬಂದ ಒಪ್ಪಂದ. ತೊಂದರೆ ಇರುವುದು ಪೆಟ್ಟಿಗೆಯ ಜಾಗದಲ್ಲಿ. ನಮ್ಮಲ್ಲಿ ವಾಹನಗಳು ಎಡಕ್ಕೆ ಓಡುವುದರಿಂದ, ತಂಗುದಾಣದಲ್ಲಿ ರಸ್ತೆಗೆ ಮುಖ ಮಾಡಿ ಕೂತವರಿಗೆ ಬಸ್ಸು ಯಾವಾಗಲೂ ಬಲಗಡೆಯಿಂದ ಬರುತ್ತದೆ. ಜಾಹೀರಾತು ಕೊಡುವವನಿಗೆ ಎದುರು ಬರುವ ವಾಹನ ಸವಾರರ ಕಣ್ಣು ಬೇಕು. ಅವರಿಗೆ ಚೆನ್ನಾಗಿ ಕಾಣುವುದೂ ಅದೇ ಬಲತುದಿ. ಹಾಗಾಗಿ ಅತಿ ಹೆಚ್ಚು ಬೆಲೆ ಬಾಳುವ ಜಾಹೀರಾತು, ನಮಗೆ ಬಸ್ಸು ಕಾಣಬೇಕಾದ ಕಿಟಕಿಯಲ್ಲೇ ಬಂದು ಕೂರುತ್ತದೆ. ಪರಿಣಾಮ ಏನೆಂದರೆ ತಂಗುದಾಣದೊಳಗೆ ಯಾರೂ ಕೂರುವುದಿಲ್ಲ. ಎಲ್ಲರೂ ರಸ್ತೆಗಿಳಿದು ಕತ್ತು ಚಾಚಿ ನಿಂತಿರುತ್ತಾರೆ, ಒಳಗೆ ಒಂದು ನಾಯಿ ಮಲಗಿರುತ್ತದೆ. ಚಾಲಕನಿಗೂ ಒಳಗೆ ಕೂತವರು ಕಾಣುವುದಿಲ್ಲ. ಕೈ ತೋರಿಸುವವರಿಲ್ಲ ಎಂದು ಮುಂದೆ ಹೋಗಿಬಿಡುತ್ತಾನೆ. ಆ ಪೆಟ್ಟಿಗೆಯನ್ನು ಎಡತುದಿಗೋ ಹಿಂಬದಿಗೋ ಸರಿಸಿ, ಬಲತುದಿಯನ್ನು ಬಯಲು ಬಿಟ್ಟರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಏಜೆನ್ಸಿಯ ಆದಾಯ ಇಳಿಯುತ್ತದೆ, ನಿಜ. ಅದಕ್ಕೇ ಆ ಮಾತನ್ನು ಯಾರೂ ಎತ್ತುವುದಿಲ್ಲವೆಂದು ನನ್ನ ಗುಮಾನಿ.

ಇನ್ನು ಆಸನ. ಮೂರು ಸ್ಟೀಲ್ ಕೊಳವೆಗಳನ್ನು ನಡುವೆ ಸಂದು ಬಿಟ್ಟು ಬೆಸೆದಿರುತ್ತಾರೆ. ಯಾರೂ ಮಲಗಬಾರದೆಂದು ಮುಂದಕ್ಕೆ ತುಸು ಇಳಿಜಾರು. ಅದರ ಮೇಲೆ ಕೂರಬೇಕಾದರೆ ಎರಡೂ ಪಾದಗಳನ್ನು ನೆಲಕ್ಕೊತ್ತಿ ಜಾರದಂತೆ ಹಿಡಿದುಕೊಂಡಿರಬೇಕು. ವಿಶ್ರಾಂತಿಗೆ ಕೂತವರು ಕಸರತ್ತು ಮಾಡಿದಂತಾಗುತ್ತದೆ. ನಾನು ಕಾಯುವ ಒಂದು ಕಡೆ ನಡುವಿನ ಕೊಳವೆ ಕಿತ್ತುಹೋಗಿ, ಬೆಸುಗೆಯ ಮುರಿದ ತುದಿ ಹಾಗೆಯೇ ಎದ್ದು ನಿಂತಿದೆ. ಅವ್ವನ ಸೆರಗು ಅದಕ್ಕೆ ಸಿಕ್ಕಿ ಹರಿದ ಮೇಲೆ ಯಾರೋ ಪುಣ್ಯಾತ್ಮರು ಅದಕ್ಕೊಂದು ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಸಿಕ್ಕಿಸಿದ್ದಾರೆ. ಏಪ್ರಿಲ್ ಮಧ್ಯಾಹ್ನ ಆ ಕೊಳವೆಯನ್ನು ಮುಟ್ಟಿ ನೋಡಿದವರು ಕರವಸ್ತ್ರ ಹಾಸದೆ ಕೂರುವುದಿಲ್ಲ.

ಚಾವಣಿಯ ಕತೆ ಇದಕ್ಕಿಂತ ಸೂಕ್ಷ್ಮ. ನಮ್ಮ ಕಡೆ ಮುಂಗಾರು ಮಳೆಯನ್ನು ಪಶ್ಚಿಮದ ಗಾಳಿ ಹೊತ್ತು ತರುತ್ತದೆ. ಬೇಸಿಗೆಯ ಸುಡುವ ಬಿಸಿಲೂ ಮಧ್ಯಾಹ್ನದ ನಂತರ ಆ ಕಡೆಯಿಂದಲೇ. ಉತ್ತರ ದಕ್ಷಿಣವಾಗಿ ಚಾಚಿದ ಬೀದಿಯನ್ನು ತೆಗೆದುಕೊಳ್ಳಿ. ಉತ್ತರಕ್ಕೆ ಹೋಗುವ ಬಸ್ಸಿನ ನಿಲ್ದಾಣ ಬೀದಿಯ ಪಶ್ಚಿಮ ಅಂಚಿನಲ್ಲಿರುತ್ತದೆ, ಅಲ್ಲಿ ಕೂತವರ ಮುಖ ಪೂರ್ವಕ್ಕೆ. ಹಿಂದೆ ಒಂದು ಗೋಡೆಯಿದ್ದರೆ ಮಳೆಯೂ ಬಿಸಿಲೂ ಬೆನ್ನಿಗೇ ನಿಲ್ಲುತ್ತವೆ. ದಕ್ಷಿಣಕ್ಕೆ ಹೋಗುವವರು ಎದುರು ಬದಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕೂರಬೇಕು. ಅವರ ಪಾಲಿಗೆ ಎರಡೂ ನೇರ ಮುಖಕ್ಕೆ. ಎರಡು ಬದಿಗೂ ಒಂದೇ ಅಚ್ಚಿನ ತಂಗುದಾಣ ನಿಲ್ಲಿಸಿದರೆ ಒಂದು ಕೆಲಸಕ್ಕೆ ಬರುತ್ತದೆ, ಇನ್ನೊಂದು ಹೆಸರಿಗೆ ಮಾತ್ರ. ಲೆಕ್ಕವೂ ಕಷ್ಟದ್ದಲ್ಲ. ಹತ್ತಡಿ ಎತ್ತರದ ಚಾವಣಿಯ ಕೆಳಗೆ 45 ಡಿಗ್ರಿ ಓರೆಯ ಮಳೆ ಹತ್ತಡಿ ಒಳಗೆ ಬರುತ್ತದೆ. ಚಾವಣಿಯ ಅಗಲವೇ ಐದಡಿ ಇದ್ದರೆ ಒಣ ನೆಲ ಎಲ್ಲಿ ಉಳಿಯಿತು? ಪೂರ್ವ ಅಂಚಿನ ತಂಗುದಾಣಕ್ಕೆ ಚಾವಣಿ ತಗ್ಗಾಗಿ ಅಗಲವಾಗಿರಬೇಕು, ಮುಂದೆ ಅಲ್ಲಲ್ಲಿ ಒಂದೊಂದು ತಡೆಗೋಡೆಯೂ ಬೇಕು. ರಸ್ತೆಯ ಮೇಲೆ ಚಾಚುವಂತಿಲ್ಲ. ಬಸ್ಸಿನ ಕನ್ನಡಿ ಬಡಿಯುತ್ತದೆ. ಹಾಗಾಗಿ ಜಾಗವನ್ನು ಹಿಂದಿನಿಂದಲೇ ತೆಗೆದುಕೊಳ್ಳಬೇಕು.

ಹಳೆಯ ಕಾಂಕ್ರೀಟ್ ತಂಗುದಾಣ ಈ ಪರೀಕ್ಷೆಯಲ್ಲಿ ಆಶ್ಚರ್ಯವಾಗುವಷ್ಟು ಚೆನ್ನಾಗಿ ಪಾಸಾಗುತ್ತದೆ. ದಪ್ಪ ಸ್ಲ್ಯಾಬು, ಮೂರು ಬದಿಗೆ ಗೋಡೆ, ಗೋಡೆಗುಂಟ ಶಹಾಬಾದ್ ಹಾಸುಗಲ್ಲಿನ ಕಟ್ಟೆ. ಬೇಸಿಗೆಯಲ್ಲಿ ಆ ಕಲ್ಲು ತಣ್ಣಗಿರುತ್ತದೆ. ಕಟ್ಟೆಯ ಎತ್ತರ ಸುಮಾರು ಒಂದೂವರೆ ಅಡಿ. ಅವ್ವ ಅಂಗೈ ಊರಿ ತಾನಾಗಿ ಏಳುತ್ತಾಳೆ. ಪಕ್ಕದಲ್ಲಿ ಚೀಲ ಇಡಬಹುದು, ಮಗುವನ್ನು ಮಲಗಿಸಬಹುದು. ಸಂಸದರ ಕ್ಷೇತ್ರಾಭಿವೃದ್ಧಿ ನಿಧಿ ಶುರುವಾದದ್ದು 1993ರಲ್ಲಿ; ಅದಾದ ಮೇಲೆ ಇಂಥವು ಊರೂರಿಗೆ ಎದ್ದವು. ಹಣ ಕೊಡಿಸಿದವರ ಹೆಸರು ಎರಡಡಿ ಅಕ್ಷರದಲ್ಲಿರುತ್ತದೆ, ನಿಲ್ದಾಣದ ಹೆಸರನ್ನು ಮಾತ್ರ ಪಕ್ಕದ ಪಾನ್ ಅಂಗಡಿಯವನನ್ನು ಕೇಳಿ ತಿಳಿದುಕೊಳ್ಳಬೇಕು.

ಅದರ ದೋಷ ಹೊತ್ತು ಮುಳುಗಿದ ಮೇಲೆ ಹೊರಬೀಳುತ್ತದೆ. ಮೂರು ಗೋಡೆಗಳ ನಡುವಿನ ಆ ಕತ್ತಲೆಗೆ ಹೆಣ್ಣುಮಕ್ಕಳು ಕಾಲಿಡುವುದಿಲ್ಲ. ಮೂಲೆಯಲ್ಲಿ ಗುಟಕಾದ ಕಲೆ, ಕಟ್ಟೆಯ ಕೆಳಗೆ ಖಾಲಿ ಬಾಟಲಿ, ಒಳಗೊಬ್ಬ ನಿದ್ದೆಗಣ್ಣಿನ ಮನುಷ್ಯ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದ ಮೇಲೆ ನಮ್ಮ ನಿಲ್ದಾಣಗಳಲ್ಲಿ ಕಾಯುವವರ ಪೈಕಿ ಹೆಂಗಸರೇ ಎದ್ದು ಕಾಣುತ್ತಾರೆ. ಅವರು ಒಳಗೆ ಬರಲು ಹೆದರುವ ತಂಗುದಾಣ ಎಷ್ಟು ತಂಪಾಗಿದ್ದರೇನು? ಪಕ್ಕದ ಎರಡು ಗೋಡೆಗಳನ್ನು ಸೊಂಟದ ಎತ್ತರಕ್ಕೆ ಕತ್ತರಿಸಿ, ಒಳಗೆ ಒಂದು ದೀಪ ಹಾಕಿದರೆ ನನ್ನ ಮಟ್ಟಿಗೆ ಈ ಹಳೆಯದು ಹೊಸದನ್ನು ಸೋಲಿಸುತ್ತದೆ. ದೀಪಕ್ಕಿಂತ ಮೇಲಾದದ್ದು ಗಿರ್ಮಿಟ್, ಮಿರ್ಚಿಯ ಗಾಡಿ. ಗಾಡಿಯಿರುವ ಕಡೆ ರಾತ್ರಿ ಒಂಬತ್ತರವರೆಗೂ ಜನ ಧೈರ್ಯವಾಗಿ ನಿಂತಿರುತ್ತಾರೆ. ಹೊಸ ವಿನ್ಯಾಸ ಮಾಡುವವರು ಮೊದಲು ಆ ಗಾಡಿಯನ್ನು ಎಬ್ಬಿಸುತ್ತಾರೆ. ಬಸ್ಸಿನ ಬಾಗಿಲಿಗೆ ಅಡ್ಡವಾಗದ ಹಾಗೆ ತಂಗುದಾಣದ ಎಡಕ್ಕೆ ಅದಕ್ಕೊಂದು ಜಾಗ ಗುರುತು ಮಾಡಿಕೊಟ್ಟರೆ ಸಾಕು.

ಮರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಸಿಗೆಯಲ್ಲಿ ಬೇವಿನ ನೆರಳಿಗೆ ಯಾವ ಚಾವಣಿಯೂ ಸಾಟಿಯಿಲ್ಲ. ಮಳೆಯಲ್ಲಿ ಅದು ಎರಡು ಸಲ ತೋಯಿಸುತ್ತದೆ, ಮಳೆ ಬರುವಾಗ ಒಮ್ಮೆ, ನಿಂತ ಮೇಲೆ ಇನ್ನೊಮ್ಮೆ. ಇರುವ ಮರವನ್ನು ಕಡಿದು ಅದೇ ಜಾಗದಲ್ಲಿ ತಗಡು ಎತ್ತುವುದನ್ನು ಕಂಡಾಗ ಮಾತ್ರ ಸಿಟ್ಟು ಬರುತ್ತದೆ.

ಚಾವಣಿ, ಆಸನ ಎಲ್ಲ ಸರಿಯಾದರೂ ಪೇಟೆಯಲ್ಲಿ ಬಸ್ಸು ಎಲ್ಲಿ ನಿಲ್ಲುತ್ತದೆ ಎನ್ನುವುದು ಬಗೆಹರಿಯದೆ ಉಪಯೋಗವಿಲ್ಲ. ಇಲ್ಲಿಯೂ ಎರಡು ಬಗೆಗಳಿವೆ, ಎರಡನ್ನೂ ಅನುಭವಿಸಿದ್ದೇನೆ. ಒಂದು, ಫುಟ್‌ಪಾತನ್ನು ಒಳಕ್ಕೆ ಕೊರೆದು ಬಸ್ಸಿಗೆ ಬದಿಯಲ್ಲಿ ಜಾಗ ಮಾಡುವುದು. ಕಾಗದದ ಮೇಲೆ ಸೊಗಸು: ಬಸ್ಸು ಪಕ್ಕಕ್ಕೆ ಸರಿಯುತ್ತದೆ, ಹಿಂದಿನವರು ಮುಂದೆ ಹೋಗುತ್ತಾರೆ. 12 ಮೀಟರ್ ಉದ್ದದ ಬಸ್ಸು ಅಂಚಿಗೆ ತಾಗಿ ನಿಲ್ಲಬೇಕಾದರೆ ಒಳಬರಲು, ಹೊರಹೋಗಲು ಓರೆ ಜಾಗ ಬೇಕು. ಅಷ್ಟುದ್ದದ ಖಾಲಿ ಜಾಗ ಪೇಟೆಯಲ್ಲಿ ಖಾಲಿ ಉಳಿಯುವುದುಂಟೇ? ಎರಡು ಆಟೊ, ಒಂದು ಟಂಟಂ, ಸರಕು ಇಳಿಸುವ ಟೆಂಪೊ ಬಂದು ಕೂತಿರುತ್ತವೆ. ಬಸ್ಸು ರಸ್ತೆಯ ಮಧ್ಯೆ ನಿಲ್ಲುತ್ತದೆ, ಜನ ಆಟೊಗಳ ಸಂದಿಯಲ್ಲಿ ನುಗ್ಗಿ ಓಡುತ್ತಾರೆ. ಒಂದೊಮ್ಮೆ ಜಾಗ ಸಿಕ್ಕಿ ಬಸ್ಸು ಒಳಗೆ ಬಂತೆನ್ನಿ, ಮತ್ತೆ ರಸ್ತೆಗೆ ಸೇರಲು ಅದಕ್ಕೆ ಯಾರೂ ದಾರಿ ಬಿಡುವುದಿಲ್ಲ.

ಎರಡನೆಯ ಬಗೆ, ಅಂದರೆ ಫುಟ್‌ಪಾತನ್ನೇ ರಸ್ತೆಯೊಳಕ್ಕೆ ಚಾಚುವುದು, ನನ್ನ ಕಣ್ಣೆದುರು ಆಕಸ್ಮಿಕವಾಗಿ ಪರೀಕ್ಷೆಯಾಯಿತು. ಪೇಟೆಯ ಒಂದು ರಸ್ತೆಯಲ್ಲಿ ಗಟಾರದ ಕಾಮಗಾರಿ ನಡೆದಿತ್ತು. ಕೆಲಸ ಮುಗಿದು ಮೇಲೆ ಕಲ್ಲುಚಪ್ಪಡಿ ಮುಚ್ಚಿದರೂ ಬ್ಯಾರಿಕೇಡುಗಳನ್ನು ಬಹಳ ದಿನ ಎತ್ತಲಿಲ್ಲ. ಆರೇಳು ಅಡಿ ಅಗಲ, ಒಂದು ಬಸ್ಸಿನಷ್ಟು ಉದ್ದದ ಆ ಎತ್ತರದ ಪಟ್ಟಿ ಫುಟ್‌ಪಾತಿನಿಂದ ರಸ್ತೆಯೊಳಕ್ಕೆ ಚಾಚಿಕೊಂಡಿತ್ತು. ಬೈಕ್ ನಿಲ್ಲಿಸಲು ಅಲ್ಲಿ ಜಾಗವಿರಲಿಲ್ಲ. ಕಾಯುವವರು ಚಪ್ಪಡಿಯ ಮೇಲೆ ಬಂದು ನಿಂತರು. ಬಸ್ಸಿಗೆ ಪಕ್ಕಕ್ಕೆ ಸರಿಯುವ ಪ್ರಮೇಯವೇ ಇರಲಿಲ್ಲ. ತನ್ನ ಸಾಲಿನಲ್ಲೇ ಬಂದು ಚಪ್ಪಡಿಗೆ ತಾಗಿ ನಿಂತಿತು. ಮೊದಲ ಮೆಟ್ಟಿಲು ಅರ್ಧ ಅಡಿ ಹತ್ತಿರವಾಗಿತ್ತು. ಯಾರೂ ಓಡಲಿಲ್ಲ, ಎಲ್ಲರೂ ಬೇಗ ಹತ್ತಿದರು. ಹಿಂದಿನ ಕಾರಿನವರು ಹಾರನ್ ಬಾರಿಸಿದರು ನಿಜ, ಅವರು ಬಸ್ಸು ನಡುರಸ್ತೆಯಲ್ಲಿ ನಿಂತಾಗ ಇದಕ್ಕಿಂತ ಹೆಚ್ಚು ಹೊತ್ತು ಬಾರಿಸುತ್ತಿದ್ದರು. ಬ್ಯಾರಿಕೇಡ್ ತೆಗೆದ ಮಾರನೆಯ ದಿನವೇ ಆ ಜಾಗದಲ್ಲಿ ಬೈಕುಗಳ ಸಾಲು. ಅಂಗಡಿಯವರ ಅಳಲು ನನಗೆ ಅರ್ಥವಾಗುತ್ತದೆ; ಬೈಕ್ ನಿಲ್ಲಿಸಲು ಜಾಗವಿಲ್ಲದಿದ್ದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ ಎಂಬುದು ಅವರ ಭಯ. ಆದರೆ ಹತ್ತು ಬೈಕು ನಿಲ್ಲುವ ಜಾಗದಲ್ಲಿ ಒಂದು ಬಸ್ಸಿನ ತುಂಬ ಜನ ಇಳಿಯುತ್ತಾರೆ, ಅವರೂ ಸೀರೆ, ಸ್ಟೀಲ್ ಪಾತ್ರೆ ಕೊಳ್ಳಲೆಂದೇ ಬಂದವರು.

ವೃತ್ತಕ್ಕೆ ಮುಂಚೆ ನಿಲ್ದಾಣವೋ, ದಾಟಿದ ಮೇಲೋ ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ದಾಟಿದ ಮೇಲೆ. ಮುಂಚೆ ನಿಂತ ಬಸ್ಸು ಎಡಕ್ಕೆ ತಿರುಗುವವರಿಗೆಲ್ಲ ಅಡ್ಡ, ಇಳಿದವರು ಅದರ ಮುಂದಿನಿಂದಲೇ ರಸ್ತೆ ದಾಟುತ್ತಾರೆ.

ಹೀಗೆ ಪೇಟೆಗೆ ನನ್ನ ಆಯ್ಕೆ ಒಂದು ಮಿಶ್ರಣ. ಬ್ಯಾರಿಕೇಡಿನ ಪಟ್ಟಿಯ ಹಾಗೆ ರಸ್ತೆಯೊಳಕ್ಕೆ ಚಾಚಿದ ಫುಟ್‌ಪಾತು. ಅದರ ಹಿಂಭಾಗದಲ್ಲಿ ಹಳೆಯ ಕಾಂಕ್ರೀಟಿನದರಂಥ ಬೆನ್ನುಗೋಡೆ ಮತ್ತು ಕಲ್ಲಿನ ಕಟ್ಟೆ. ಬಲತುದಿ ಪೂರ್ತಿ ಬಯಲು. ಗಾಲಿಕುರ್ಚಿ ತಿರುಗುವಷ್ಟು ಖಾಲಿ ನೆಲ. ಚಿಗರಿಯಿಂದ ತೆಗೆದುಕೊಳ್ಳಬೇಕಾದದ್ದು ನೆಲದ ಎತ್ತರದ ವಿಚಾರ, ಸಾದಾ ಬಸ್ಸಿನ ಮೆಟ್ಟಿಲಿಗೆ ಹೊಂದುವಷ್ಟು ಮಟ್ಟಿಗೆ. ಸ್ಟೀಲ್ ತಂಗುದಾಣದಿಂದ ತೆಗೆದುಕೊಳ್ಳುವುದು ದೀಪ ಮತ್ತು ಎಡತುದಿಗೆ ಸರಿದ ಒಂದು ಜಾಹೀರಾತು, ದೀಪದ ಬಿಲ್ಲಿಗೆ. ಹಣ ಸಾಲದಿದ್ದರೆ ಮೊದಲು ಕೈಬಿಡಬೇಕಾದದ್ದು ವಿದ್ಯುನ್ಮಾನ ಫಲಕ. ಕೆಲವು ತಿಂಗಳಲ್ಲಿ ಕಪ್ಪಗಾಗಿ ಸುಮ್ಮನೆ ನೇತಾಡುವ ಪರದೆಗಿಂತ, ಯಾವ ಸಂಖ್ಯೆಯ ಬಸ್ಸು ಎಲ್ಲಿಗೆ, ಮೊದಲನೆಯದು ಎಷ್ಟಕ್ಕೆ, ಕೊನೆಯದು ಎಷ್ಟಕ್ಕೆ ಎಂದು ಬಣ್ಣದಲ್ಲಿ ಬರೆದ ತಗಡಿನ ಹಲಗೆ ನನಗೆ ಹೆಚ್ಚು ಉಪಯೋಗಕ್ಕೆ ಬಿದ್ದಿದೆ. ಆಮೇಲೆ ಬಾಗಿದ ಚಾವಣಿಯನ್ನೂ ಬಿಡಬಹುದು, ನೇರ ಸ್ಲ್ಯಾಬು ಸಾಕು. ಕಲ್ಲಿನ ಕಟ್ಟೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಲಾರೆ.