ಅಪ್ರೋಚ್ ಶೂ ಎಂದು ಕೊಟ್ಟದ್ದು ಕಪ್ಪು ಬಣ್ಣ ಬಳಿದ ಫೋಮ್: ಬಳ್ಳಾರಿ, ಕೊಪ್ಪಳದಲ್ಲಿ ಬಂಡೆ ಹತ್ತುವವರು ಗಮನಿಸಿ

ದಯವಿಟ್ಟು ಇದನ್ನು ಪೂರ್ತಿ ಓದಿ. ಸಾಣಾಪುರ, ಆನೆಗೊಂದಿ ಕಡೆ ಬಂಡೆ ಹತ್ತಲು ಹೋಗುವ ನಿಮ್ಮ ಪರಿಚಯದವರಿಗೂ ತಿಳಿಸಿ. ಬಳ್ಳಾರಿಯ ಒಂದು ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಅಪ್ರೋಚ್ ಶೂ (ಹತ್ತುವ ಬಂಡೆಯವರೆಗೆ ನಡೆದು, ದಾರಿಯ ಬಂಡೆಗಳನ್ನು ದಾಟಿ ಹೋಗಲು ಹಾಕುವ ಶೂ) ಎಂದು ಹೇಳಿ, ನನ್ನಿಂದ 6,800 ರೂಪಾಯಿ ಪಡೆದು, ಅಡಿಗೆ ಕಪ್ಪು ಬಣ್ಣ ಬಳಿದ ಫೋಮಿನ ಶೂ ಕೊಟ್ಟಿದ್ದಾರೆ. ಅದರಲ್ಲಿ ರಬ್ಬರ್ ಸೋಲ್ ಇಲ್ಲವೇ ಇಲ್ಲ. ಅದನ್ನು ನಂಬಿ ಬಂಡೆಯ ಮೇಲೆ ಕಾಲಿಟ್ಟ ನಾನು ಹತ್ತಾರು ಜನರ ಎದುರು ಜಾರಿ ಬಿದ್ದೆ. ಮೊಣಕೈ, ಅಂಗೈ ತರಚಿದ್ದು ಬಿಟ್ಟರೆ ದೊಡ್ಡ ಪೆಟ್ಟಾಗಲಿಲ್ಲ. ಆದರೆ ಅದೇ ಜಾಗದಲ್ಲಿ ಇನ್ನೊಂದು ಮಾರು ಆಚೆ ಜಾರಿದ್ದರೆ ಕೆಳಗೆ ಎರಡು ಗುಂಡುಬಂಡೆಗಳ ನಡುವಿನ ಸಂದು ಇತ್ತು. ಅಂಗಡಿಯ ಹೆಸರನ್ನು ಇಲ್ಲಿ ಹಾಕುತ್ತಿಲ್ಲ, ಅದು ದೂರಿನಲ್ಲಿ ದಾಖಲಾಗಿದೆ. ಆದರೆ ಅದೇ ಮಾಲು ಬೇರೆ ಬೇರೆ ಅಂಗಡಿಗಳಿಗೂ ಹೋಗಿರುವ ಸಾಧ್ಯತೆ ಇರುವುದರಿಂದ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಮ್ಮ ಭಾಗದಲ್ಲಿ ಅಪ್ರೋಚ್ ಶೂ ಶೋಕಿಯ ವಸ್ತುವಲ್ಲ. ಗಂಗಾವತಿ ಕಡೆಯ ಬಂಡೆಗಳನ್ನು ತಲುಪಬೇಕಾದರೆ ಮೊದಲು ಭತ್ತದ ಗದ್ದೆಯ ಬದುವಿನ ಮೇಲೆ, ನಂತರ ಜಾಲಿ ಮುಳ್ಳಿನ ನಡುವೆ, ಆಮೇಲೆ ಗುಂಡುಬಂಡೆಯಿಂದ ಗುಂಡುಬಂಡೆಗೆ ದಾಟುತ್ತ ಹೋಗಬೇಕು. ಬಿಗಿಯಾದ ಕ್ಲೈಂಬಿಂಗ್ ಶೂ ಹಾಕಿಕೊಂಡು ಅಷ್ಟು ದೂರ ನಡೆದರೆ ಬೆರಳುಗಳು ಉಳಿಯುವುದಿಲ್ಲ. ಟ್ರೆಕಿಂಗ್ ಬೂಟಿನ ಸೋಲ್ ಬೇಗ ಸವೆಯದಿರಲೆಂದು ಅದಕ್ಕೆ ಗಟ್ಟಿ ರಬ್ಬರ್ ಹಾಕಿರುತ್ತಾರೆ. ಅದು ಕೆಸರಿನಲ್ಲಿ ಚೆನ್ನಾಗಿ ನಿಂತರೂ ಇಳಿಜಾರಿನ ಹಾಸುಬಂಡೆಯ ಮೇಲೆ ಕೈಕೊಡುತ್ತದೆ. ಈ ಎರಡರ ನಡುವಿನ ಕೆಲಸಕ್ಕಾಗಿಯೇ ಅಪ್ರೋಚ್ ಶೂ ಹುಟ್ಟಿದ್ದು. ಕ್ಲೈಂಬಿಂಗ್ ಶೂವಿನ ಅಂಟು ರಬ್ಬರನ್ನು ನಡೆಯುವ ಶೂವಿನ ಅಡಿಗೆ ಹಾಕುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಚಾರ್ಲ್ಸ್ ಕೋಲ್ ಅವರು 1985ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಫೈವ್ ಟೆನ್ ಕಂಪನಿ. ಅಂದಿನಿಂದ ಇಂದಿನವರೆಗೆ ಈ ಶೂವಿನ ಜೀವ ಇರುವುದು ಅದರ ರಬ್ಬರಿನಲ್ಲಿ. ಮೇಲ್ಭಾಗದ ಚರ್ಮ, ಬಣ್ಣ, ಲೇಸ್ ಹೇಗಾದರೂ ಇರಲಿ. ರಬ್ಬರ್ ಇಲ್ಲದಿದ್ದರೆ ಅದು ಅಪ್ರೋಚ್ ಶೂ ಅಲ್ಲ.

ನಾನು ಅಂಗಡಿಯಲ್ಲಿ ಕೇಳಿದ್ದೂ ಅದನ್ನೇ. ಹಾಸುಬಂಡೆಯ ಮೇಲೆ ಹಿಡಿತ ಬೇಕು, ಮುಂದಿನ ತುದಿ ಚಪ್ಪಟೆಯಾಗಿರಬೇಕು, ಸುತ್ತ ರಬ್ಬರ್ ಪಟ್ಟಿ ಇರಬೇಕು ಎಂದು ಬಿಡಿಸಿ ಹೇಳಿದೆ. ಅಂಗಡಿಯವರು ಒಳಗಿನಿಂದ ಪೆಟ್ಟಿಗೆ ತಂದು, "ಅಕ್ಕಾ, ನೀವು ಹೇಳಿದ್ದು ಇದೇ ನೋಡ್ರಿ, ವಿಬ್ರಾಮ್ ಸೋಲ್, ಹಂಪಿಗೆ ಬರೋ ಫಾರಿನರ್ಸ್ ಎಲ್ಲಾ ಇದನ್ನೇ ಹಾಕ್ಕೊಳ್ಳೋದು" ಎಂದರು. ಸೋಲಿನ ನಡುವೆ, ಸೋಲ್ ತಯಾರಿಸುವ ವಿಬ್ರಾಮ್ ಕಂಪನಿಯ, ಹಳದಿ ಬಣ್ಣದ ಎಂಟು ಮೂಲೆಯ ಗುರುತು ಇತ್ತು. ಶೂ ಕೈಗೆ ಕೊಟ್ಟು, "ಎಷ್ಟು ಹಗುರ ಐತಿ ನೋಡ್ರಿ, ಹತ್ತು ವರ್ಷ ಸವೆಯಂಗಿಲ್ಲ" ಎಂದರು. ನಾನು ಬಿಲ್ಲು ಕೇಳಿದೆ. ಪ್ರಿಂಟರ್ ಕೆಟ್ಟಿದೆ, ವಾಟ್ಸಾಪಿನಲ್ಲಿ ಕಳಿಸುತ್ತೇನೆ ಎಂದು ಹೇಳಿ, ಸದ್ಯಕ್ಕೆ ಎಂದು ಎಸ್ಟಿಮೇಟ್ ಚೀಟಿಯ ಮೇಲೆ "ಶೂ 1 ಜೊತೆ" ಎಂದು ಬರೆದುಕೊಟ್ಟರು. ದುಡ್ಡನ್ನು ಫೋನ್‌ಪೇಯಲ್ಲಿ ಕೊಟ್ಟಿದ್ದೇನೆ. ಬಿಲ್ಲು ಇಂದಿಗೂ ಬಂದಿಲ್ಲ.

ಆ ಭಾನುವಾರ ನಮ್ಮ ಗುಂಪಿನಲ್ಲಿ ಹೊಸದಾಗಿ ಬಂದ ಕಾಲೇಜು ಹುಡುಗ ಹುಡುಗಿಯರಿದ್ದರು. ಹಾಸುಬಂಡೆಯ ಮೇಲೆ ನಡೆಯುವಾಗ ಕೈ ಊರಬೇಡಿ, ಹಿಮ್ಮಡಿ ಇಳಿಸಿ, ಪಾದದ ಮೇಲೆ ಭಾರ ಹಾಕಿ, ರಬ್ಬರನ್ನು ನಂಬಿ ಎಂದು ಅವರಿಗೆ ಹೇಳಿಕೊಡುತ್ತಿದ್ದವಳು ನಾನೇ. ಹೇಳುತ್ತಲೇ ಇಳಿಜಾರಿಗೆ ಕಾಲಿಟ್ಟೆ. ಎರಡನೆಯ ಹೆಜ್ಜೆಗೇ ಬಲಗಾಲು ನಿಲ್ಲಲಿಲ್ಲ, ಸರ್ರನೆ ಹೋಯಿತು. ಬಂಡೆ ಒದ್ದೆಯಾಗಿರಲಿಲ್ಲ, ಪಾಚಿ ಇರಲಿಲ್ಲ, ಶೂವಿಗೆ ಕೆಸರು ಮೆತ್ತಿರಲಿಲ್ಲ. ಕೆಸರನ್ನು ಒರೆಸಿಯೇ ಬಂಡೆ ಹತ್ತಬೇಕೆಂದು ಅವರಿಗೆ ತೋರಿಸಿಕೊಟ್ಟಿದ್ದೂ ನಾನೇ. ಅಲ್ಲಿಯ ಗ್ರಾನೈಟ್ ಜನ ಓಡಾಡಿ ನುಣುಪಾದ ಜಾಗವೂ ಅಲ್ಲ. ಕೈಯಿಟ್ಟರೆ ಚರ್ಮ ಕೀಳುವಷ್ಟು ಹರಳು ಹರಳಾಗಿ ಒರಟಾಗಿರುವ ಬಂಡೆ ಅದು. ಅಂಥ ಬಂಡೆಯ ಮೇಲೆ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದಿದ್ದ ಹುಡುಗಿ ನೆಟ್ಟಗೆ ನಿಂತಿದ್ದಳು, ನಾನು ಕುಂಡಿಯ ಮೇಲೆ ಜಾರಿಕೊಂಡು ಹೋಗಿ ಒಂದು ಬಿರುಕಿಗೆ ಹಿಮ್ಮಡಿ ಸಿಕ್ಕಿಸಿ ನಿಂತೆ. "ಅಕ್ಕಾ, ಅಕ್ಕಾ" ಎಂದು ಎಲ್ಲರೂ ಓಡಿ ಬಂದರು. ಯಾರೂ ನಗಲಿಲ್ಲ, ಆದರೂ ತಲೆ ಎತ್ತಿ ಅವರ ಮುಖ ನೋಡಲಾಗಲಿಲ್ಲ.

ಶೂ ಬಿಚ್ಚಿ ತಿರುಗಿಸಿ ನೋಡಿದೆ. ಹೆಬ್ಬೆರಳಿನ ಕೆಳಗೆ ಕಪ್ಪು ಬಣ್ಣ ಕಿತ್ತು ಬಂದು, ಒಳಗೆ ಬೂದು ಬಣ್ಣದ, ಸಣ್ಣ ಸಣ್ಣ ತೂತುಗಳಿದ್ದ ಫೋಮ್ ಕಾಣುತ್ತಿತ್ತು. ಉಗುರು ಒತ್ತಿದೆ, ಗುಳಿ ಬಿತ್ತು, ಆ ಗುಳಿ ಮತ್ತೆ ಮೇಲೇಳಲಿಲ್ಲ. ಫೋಮ್! ರಬ್ಬರ್ ಅಲ್ಲ, ಬರೀ ಫೋಮ್. ಅಷ್ಟು ಹಗುರ ಏಕೆ ಇತ್ತೆಂಬುದು ಆಗ ತಿಳಿಯಿತು. ಆಮೇಲೆ ಆ ಹಳದಿ ಗುರುತಿನ ಮೂಲೆಗೆ ಉಗುರು ಹಾಕಿದೆ. ಅದು ಸ್ಟಿಕ್ಕರ್. ಕ್ಯಾಲೆಂಡರಿನ ಹಾಳೆಯಂತೆ ಸುಲಿದು ಬಂತು. ಅದರ ಕೆಳಗೆ ಸೋಲಿನಲ್ಲೇ ಅಚ್ಚಾಗಿದ್ದದ್ದು 8 ಎಂಬ ಸೈಜಿನ ಅಂಕಿ ಮಾತ್ರ; ಕಂಪನಿಯ ಹೆಸರಿಲ್ಲ, ಏನೂ ಇಲ್ಲ. ಆ ಸ್ಟಿಕ್ಕರನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಬಂಡೆಯ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ಬಿದ್ದದ್ದಕ್ಕಿಂತ ಹೆಚ್ಚು ಉರಿದದ್ದು ಅದು.

ಏಕೆಂದರೆ ಆ ಗುರುತು ಸುಮ್ಮನೆ ಬಂದದ್ದಲ್ಲ. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ, ಚಳಿಗೂ ಹಿಮಕ್ಕೂ ತಕ್ಕ ಪಾದರಕ್ಷೆಯಿಲ್ಲದೆ, ಆರು ಜನ ಪರ್ವತಾರೋಹಿಗಳು ಸತ್ತರು. ಅವರ ಸಂಗಡ ಹೋಗಿದ್ದ ಇಟಲಿಯ ವಿಟಾಲೆ ಬ್ರಮಾನಿ ಅವರು ಆ ನೋವಿನಿಂದಲೇ ರಬ್ಬರ್ ಸೋಲ್ ರೂಪಿಸಿ 1937ರಲ್ಲಿ ಹೊರತಂದರು. ವಿಬ್ರಾಮ್ ಎಂಬುದು ಅವರ ಹೆಸರಿನಿಂದಲೇ ಆದದ್ದು. ಜನ ಜಾರಿ ಸಾಯಬಾರದೆಂದು ಹುಟ್ಟಿದ ಗುರುತನ್ನು ಮುದ್ರಿಸಿ, ಫೋಮಿಗೆ ಅಂಟಿಸಿ, ಬಂಡೆ ಹತ್ತುವವರಿಗೇ ಮಾರುವವರಿಗೆ ಏನು ಹೇಳಬೇಕು?

ಇನ್ನು ಅಂಗಡಿಯವರ ಉತ್ತರಗಳು. ಅಂದು ಸಂಜೆಯೇ ಫೋಟೋಗಳನ್ನು ಕಳಿಸಿದೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮರುದಿನ ಮತ್ತೆ ಕಳಿಸಿದೆ. ಬಂದ ಮೊದಲ ಉತ್ತರ: "ಮೇಡಂ, ಕಲ್ಲಿನ ಮೇಲೆ ಹಾಕ್ಕೊಂಡು ಹೋದ್ರೆ ಯಾವ ಶೂ ಆದ್ರೂ ಸವೀತದೆ." ಕಲ್ಲಿನ ಮೇಲೆ ಹೋಗಲೆಂದೇ ಮಾರಿದ ಶೂವಿನ ಬಗ್ಗೆ ಹೇಳಿದ ಮಾತು ಇದು. ಹತ್ತು ವರ್ಷ ಸವೆಯುವುದಿಲ್ಲ ಎಂದಿದ್ದು ಇದೇ ಬಾಯಿ. ಸ್ಟಿಕ್ಕರಿನ ಬಗ್ಗೆ ಏನು ಹೇಳುತ್ತೀರಿ ಎಂದು ಕೇಳಿದ್ದಕ್ಕೆ, "ಅದು ಕಂಪನಿಯವರು ಹಾಕಿ ಕಳಿಸ್ತಾರೆ, ನಮಗೆ ಸಂಬಂಧ ಇಲ್ಲ" ಎಂದರು. ಯಾವ ಕಂಪನಿ, ಹೆಸರು ಹೇಳಿ ಎಂದರೆ ಹೆಬ್ಬೆರಳಿನ ಚಿತ್ರ ಕಳಿಸಿದರು. ನನ್ನ ಕೈಯಲ್ಲಿ ರಕ್ತ ಒಸರಿದ ಫೋಟೋದ ಕೆಳಗೆ ಒಂದು ಹೆಬ್ಬೆರಳು.

ನಾನೇ ಅಂಗಡಿಗೆ ಹೋದೆ. ಬೇರೆ ಗಿರಾಕಿಗಳಿದ್ದರು. ಶೂ ತೆಗೆದು ಗಲ್ಲಾ ಪಕ್ಕದ ಗಾಜಿನ ಮೇಲಿಟ್ಟ ಕೂಡಲೇ, ಅದನ್ನು ಕೆಳಗಿಳಿಸಿ, "ನೀವು ಬಿಲ್ ತಂದೀರಾ?" ಎಂದರು. ಬಿಲ್ಲು ಕೊಡಬೇಕಾದವರು ನೀವು ಎಂದೆ. ಎಸ್ಟಿಮೇಟ್ ಚೀಟಿಯನ್ನು ತಿರುಗಿಸಿ ನೋಡಿ, "ಇದರಾಗೆ ನಮ್ಮ ಅಂಗಡಿ ಹೆಸರು ಎಲ್ಲೈತಿ?" ಎಂದು ಕೇಳಿದರು. ಅವರೇ, ಅವರ ಕೈಯಿಂದಲೇ ಬರೆದ ಚೀಟಿ ಅದು! ಫೋನ್‌ಪೇಯಲ್ಲಿ ಅವರ ಹೆಸರು ತೋರಿಸಿದ ಮೇಲೆ ದನಿ ಸ್ವಲ್ಪ ತಗ್ಗಿತು. "ವಾಪಸ್ ಇಲ್ಲ, ಬೇಕಂದ್ರ ಅಷ್ಟೇ ರೇಟಿಂದು ಬೇರೆ ಏನಾರ ತಗೊಳ್ಳಿ, ಬ್ಯಾಗ್ ಅದಾವು" ಎಂದರು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ನನಗೇ ಬುದ್ಧಿ ಹೇಳುವಂತೆ, "ಹೋಗ್ಲಿ ಬಿಡಮ್ಮಾ, ಹೆಣ್ಮಕ್ಕಳಿಗ್ಯಾಕ ಬಂಡೆ ಹತ್ತೋದು" ಎಂದರು. ಅಂಗಡಿಯವರು ನಕ್ಕರು. ಆ ನಗುವನ್ನು ನಾನು ಮರೆಯುವವಳಲ್ಲ. ನಾನು ಬಂಡೆ ಹತ್ತುವುದು ಬಿಡುವುದು ನನ್ನ ವಿಚಾರ; ರಬ್ಬರ್ ಎಂದು ಹೇಳಿ ಫೋಮ್ ಕೊಟ್ಟದ್ದು ಅವರ ವಿಚಾರ. ಇದನ್ನು ಅದರಿಂದ ಮುಚ್ಚಲು ನಾನು ಬಿಡುವುದಿಲ್ಲ.

ಕೊಳ್ಳುವವರಿಗೆ ಒಂದಿಷ್ಟು ಹೇಳುತ್ತೇನೆ. ಅಪ್ರೋಚ್ ಶೂವಿನಲ್ಲೂ ಫೋಮ್ ಇರುತ್ತದೆ, ಅದಕ್ಕೆ ಇವಿಎ ಎನ್ನುತ್ತಾರೆ. ಆದರೆ ಅದರ ಜಾಗ ಪಾದ ಮತ್ತು ರಬ್ಬರಿನ ನಡುವೆ, ಮೆತ್ತೆಯಾಗಿ. ನೆಲಕ್ಕೆ ತಾಗುವ ಪದರ ರಬ್ಬರೇ ಆಗಿರಬೇಕು. ಶೂವನ್ನು ಪಕ್ಕದಿಂದ ನೋಡಿದರೆ ಎರಡು ಪದರ ಬೇರೆಬೇರೆಯಾಗಿ ಕಾಣಬೇಕು. ಸೋಲಿಗೆ ಉಗುರು ಒತ್ತಿ, ಒತ್ತಿದ ಗುರುತು ಮಾಯವಾಗುತ್ತದೆಯೇ ನೋಡಿ. ಕಂಪನಿಯ ಗುರುತು ರಬ್ಬರಿನೊಳಗೇ ಅಚ್ಚಾಗಿ ಕೂತಿರಬೇಕು; ಅದರ ಅಂಚಿಗೆ ಉಗುರು ಹಾಕಲು ಸಂಕೋಚ ಬೇಡ, ಅಂಗಡಿಯವರು ತಡೆದರೆ ಅಲ್ಲಿಂದ ಎದ್ದು ಬನ್ನಿ. ಮುಂದಿನ ತುದಿಯಲ್ಲಿ, ಹೆಬ್ಬೆರಳಿನ ಕೆಳಗೆ, ಹಲ್ಲುಗಳಿಲ್ಲದ ನುಣುಪಾದ ಜಾಗ ಇರಬೇಕು. ಸಣ್ಣ ಅಂಚಿನ ಮೇಲೆ ನಿಲ್ಲುವುದು ಅದರ ಮೇಲೆಯೇ. ಲೇಸ್ ಬೆರಳುಗಳ ಹತ್ತಿರದವರೆಗೂ ಇಳಿದಿದ್ದರೆ ಹತ್ತುವಾಗ ಬಿಗಿ ಮಾಡಿಕೊಳ್ಳಬಹುದು. ಹತ್ತು ವರ್ಷ ಸವೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ ಈ ಶೂ ಗೊತ್ತಿಲ್ಲ ಎಂದೇ ತಿಳಿಯಿರಿ, ಏಕೆಂದರೆ ಗ್ರಾನೈಟಿಗೆ ಅಂಟುವ ಮೆದು ರಬ್ಬರ್ ಬೇಗ ಸವೆಯುತ್ತದೆ. ಸವೆದ ಮೇಲೆ ಹೊಸ ಸೋಲ್ ಹಾಕಿಸಲು ಬರುವಂಥ ಶೂಗಳೂ ಇವೆ. ಸಂಜೆ ಹೊತ್ತು ಪಾದ ಸ್ವಲ್ಪ ಉಬ್ಬಿರುವಾಗ ಹಾಕಿ ನೋಡಿ, ಅಂಗಡಿಯ ಮೆಟ್ಟಿಲು ಇಳಿದು ಬೆರಳು ಮುಂದಕ್ಕೆ ಬಡಿಯುತ್ತದೆಯೇ ಪರೀಕ್ಷಿಸಿ. ಮತ್ತೆ, ಅಂಜನಾದ್ರಿಯ ಮೆಟ್ಟಿಲು ಹತ್ತಿ ದೇವರ ದರ್ಶನ ಮಾಡಿ ಬರುವವರಿಗೆ ಇದು ಯಾವುದೂ ಬೇಡ, ಮನೆಯಲ್ಲಿರುವ ಶೂ ಸಾಕು.

ಅಸಲಿ ಶೂವಿಗೂ ಮಿತಿ ಇದೆ. ಬೇಸಿಗೆಯ ಕಾದ ಬಂಡೆಯ ಮೇಲೆ ರಬ್ಬರ್ ಮೆತ್ತಗಾಗಿ ಹಿಡಿತ ತಪ್ಪುತ್ತದೆ. ಹೊರಗಿನ ಆರೋಹಿಗಳು ಹಂಪಿ ಸೀಮೆಗೆ ಚಳಿಗಾಲದಲ್ಲೇ ಬರುವುದಕ್ಕೆ ಅದೂ ಒಂದು ಕಾರಣ. ನಮ್ಮ ಊರಿನ ಬಿಸಿಲಿನಲ್ಲಿ ಕಾರಿನೊಳಗೆ ಶೂ ಬಿಟ್ಟರೆ ಸೋಲಿನ ಅಂಟು ಬಿಡುತ್ತದೆ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಅಂಗಡಿಯವರು ನನ್ನ ವಿಷಯದಲ್ಲೂ "ಬಿಸಿಲಿಗೆ ಹಂಗಾಗಿರ್ತದೆ" ಎಂದು ಕೊನೆಗೊಂದು ಧ್ವನಿ ಸಂದೇಶ ಕಳಿಸಿದ್ದರು. ಬಿಸಿಲಿಗೆ ಅಂಟು ಬಿಡಬಹುದು. ರಬ್ಬರ್ ಫೋಮ್ ಆಗುವುದಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅಂಥ ಅವಧಿ ನಮೂದಾಗಿಲ್ಲದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೂ ಅದೇ ಪಟ್ಟಿಗೆ ಸೇರುತ್ತದೆ. ಆಮದು ಮಾಲಿನ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ತಯಾರಾದ ದೇಶ ಇರಲೇಬೇಕು; ನನ್ನ ಪೆಟ್ಟಿಗೆಯ ಮೇಲೆ ಇವುಗಳಲ್ಲಿ ಒಂದೂ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ, ಅಂಗಡಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಹೋಗಿದೆ. ಉತ್ತರ ಬರದಿದ್ದರೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ; 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಹಳದಿ ಸ್ಟಿಕ್ಕರ್ ಅಂಟಿಸಿದ ಇಂಥ ಶೂ ನಿಮ್ಮ ಬಳಿಯೂ ಇದ್ದರೆ ಅದನ್ನು ಎಸೆಯಬೇಡಿ, ಸಿಟ್ಟಿನಲ್ಲಿ ಸ್ಟಿಕ್ಕರ್ ಕಿತ್ತು ಹಾಕಬೇಡಿ. ಪೆಟ್ಟಿಗೆ, ಚೀಟಿ, ದುಡ್ಡು ಕೊಟ್ಟ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ ಎಲ್ಲವನ್ನೂ ಹಾಗೆಯೇ ಇಟ್ಟುಕೊಳ್ಳಿ, ಕೊಂಡ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿಯವರೆಗೆ ಅದನ್ನು ಹಾಕಿಕೊಂಡು ಯಾವ ಬಂಡೆಯನ್ನೂ ಇಳಿಯಬೇಡಿ.