ಸಂಧಿವಾತದ ಕೈಗೆ ಕಸೂತಿ ಸ್ಟ್ಯಾಂಡ್: ಬೇಸಿಗೆ, ಮಳೆಗಾಲ ಎರಡನ್ನೂ ಕಂಡ ಬಳಕೆಯ ವಿಮರ್ಶೆ

ರುಮಟಾಯ್ಡ್ ಸಂಧಿವಾತದಿಂದ ಬೆರಳ ಗಂಟು ಊದಿದವರಿಗೆ ಕಸೂತಿಯಲ್ಲಿ ಸೂಜಿಗಿಂತ ಹೆಚ್ಚು ನೋವು ಕೊಡುವುದು ಬಟ್ಟೆಯನ್ನು ಬಿಗಿದು ಹಿಡಿಯುವ ರಿಂಗ್. ಅದನ್ನು ಎಡಗೈಯಲ್ಲಿ ಚಿವುಟಿ ಹಿಡಿದಿರುವಷ್ಟು ಹೊತ್ತೂ ಹೆಬ್ಬೆರಳ ಬುಡದ ಕೀಲಿಗೆ ಬಿಡುವೇ ಇರುವುದಿಲ್ಲ. ಸ್ಟ್ಯಾಂಡ್ ಆ ಭಾರವನ್ನು ತಾನು ಹೊರುತ್ತದೆ. ಅದಕ್ಕೇ ಕೊಳ್ಳಿ ಎನ್ನುತ್ತೇನೆ. ಆದರೆ ಡಬ್ಬಿಯಿಂದ ತೆಗೆದ ಹಾಗೇ ಬಳಸಬೇಡಿ, ಅದರ ತಿರುಪುಗಳನ್ನು ಗಟ್ಟಿ ಬೆರಳಿನವರಿಗೆಂದೇ ಮಾಡಿರುತ್ತಾರೆ.

ಇದು ಆನ್‌ಲೈನ್‌ನಲ್ಲಿ ಹಲವು ಹೆಸರಲ್ಲಿ ಸಿಗುವ ಮರದ ಸ್ಟ್ಯಾಂಡ್. ಬುಡದ ಹಲಗೆಯನ್ನು ತೊಡೆಯ ಕೆಳಗೆ ಸಿಕ್ಕಿಸಿ ಕೂತರೆ ಕಂಬ ಮುಂದೆ ನಿಲ್ಲುತ್ತದೆ, ಕಂಬದ ತುದಿಗೆ ರಿಂಗ್. ನೆಲ, ಕುರ್ಚಿ, ಮಂಚ ಎಲ್ಲಿ ಬೇಕಾದರೂ ಕೂರಬಹುದು, ಮಂಡಿ ಮಡಚಲಾಗದವರಿಗೆ ಇದು ದೊಡ್ಡ ಅನುಕೂಲ. ಹಲಗೆಯ ಅಂಚು ತೊಡೆಗೆ ಒತ್ತುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆಯ ತುಂಡಿಗೆ ಬರವಿಲ್ಲವಲ್ಲ, ನಾಲ್ಕು ಮಡಿಕೆ ಮಾಡಿ ಹಲಗೆಗೆ ಗವಸು ಹೊಲಿದುಕೊಳ್ಳಿ. ಒಂದು ಎಚ್ಚರಿಕೆ: ಬೆನ್ನುಹುರಿಗೆ ಪೆಟ್ಟಾಗಿ ತೊಡೆಯಲ್ಲಿ ಸ್ಪರ್ಶ ಗೊತ್ತಾಗದವರು ಈ ಮಾದರಿ ಕೊಳ್ಳಲೇಬಾರದು. ಒತ್ತಿದ್ದು ಅರಿವಿಗೆ ಬರದೆ ಚರ್ಮ ಹುಣ್ಣಾಗುತ್ತದೆ, ಅದು ಮಾಯಲು ತಿಂಗಳುಗಳೇ ಹಿಡಿಯಬಹುದು. ಗಾಲಿಕುರ್ಚಿಯವರಿಗೆ ಮೇಜಿನ ಅಂಚಿಗೆ ಕಚ್ಚಿಸುವ ಕ್ಲಾಂಪ್ ಮಾದರಿಯೇ ಸರಿ. ಕೊಳ್ಳುವ ಮೊದಲು ಮೇಜಿನ ಹಲಗೆ ಎಷ್ಟು ದಪ್ಪ, ಕ್ಲಾಂಪ್ ಎಷ್ಟು ಬಾಯಿ ತೆರೆಯುತ್ತದೆ ಎಂದು ಅಳೆದು ನೋಡಿ.

ಬಂದ ದಿನವೇ ಮಾಡಬೇಕಾದ ಕೆಲಸ ನಟ್ಟು ಬದಲಿಸುವುದು. ಕಂಬದ ಎತ್ತರಕ್ಕೂ ರಿಂಗಿನ ಓರೆಗೂ ಇರುವ ಪುಟ್ಟ, ಎರಡು ರೆಕ್ಕೆಯ ವಿಂಗ್ ನಟ್‌ಗಳನ್ನು ಬಿಗಿಯಲು ಬೆರಳ ತುದಿಯ ಬಲವೇ ಬೇಕು. ಹಳೆಯ ಬೋಲ್ಟನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು, ಅದರ ಸುರುಳಿ ಗೆರೆಗೆ ಸರಿಯಾಗಿ ಕೂರುವ, ಸುಮಾರು 40 ಎಂ.ಎಂ. ಅಗಲದ ಪ್ಲಾಸ್ಟಿಕ್ ಸ್ಟಾರ್ ನಾಬ್ (ನಕ್ಷತ್ರದಾಕಾರದ ತಿರುಗುಹಿಡಿ) ತನ್ನಿ. ಅದನ್ನು ಅಂಗೈಯಿಂದಲೇ ತಿರುಗಿಸಬಹುದು. ರಿಂಗಿನ ಹಿತ್ತಾಳೆ ತಿರುಪಿಗೆ ತಲೆಯಲ್ಲಿ ಗೀರು ಇರುವುದನ್ನೇ ಆರಿಸಿ, ದಪ್ಪ ಹಿಡಿಯ ಸ್ಕ್ರೂಡ್ರೈವರ್ ಹಾಕಿ ಬಿಗಿಯಿರಿ. ಒಳರಿಂಗಿಗೆ ಹತ್ತಿಯ ಪಟ್ಟಿ ಒತ್ತೊತ್ತಾಗಿ ಸುತ್ತಿ ತುದಿ ಹೊಲಿದರೆ ಬಟ್ಟೆ ಜಾರುವುದಿಲ್ಲ, ಅರ್ಧ ಬಿಗಿದರೂ ಸಾಕಾಗುತ್ತದೆ. ಕತ್ತರಿಯ ಬದಲು ಒತ್ತಿದರೆ ತಾನೇ ತೆರೆದುಕೊಳ್ಳುವ ಸ್ಪ್ರಿಂಗ್ ಕಟ್ಟರ್. ಹೊಲಿಗೆ ಬಿಚ್ಚುವ ಕಡ್ಡಿಯ ಹಿಡಿಗೆ ಎ.ಸಿ. ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆಯ ತುಂಡು ತೊಡಿಸಿ.

ಕೂರುವ ಕ್ರಮದ ಮೇಲೆ ಎಲ್ಲ ನಿಂತಿದೆ. ರಿಂಗಿನ ನಡುಭಾಗ ಮೊಣಕೈ ಮಟ್ಟದಲ್ಲಿ ಅಥವಾ ಒಂದು ಗೇಣು ಮೇಲಿರಲಿ, ನಿಮ್ಮ ಕಡೆಗೆ ಓರೆಯಾಗಿರಲಿ. ತಗ್ಗಿದ್ದರೆ ಕುತ್ತಿಗೆ ಬಗ್ಗುತ್ತದೆ, ತೀರ ಎತ್ತರವಿದ್ದರೆ ಭುಜ ಹಿಡಿದುಕೊಳ್ಳುತ್ತದೆ. ಒಂದು ಕೈ ಮೇಲಿಂದ ಸೂಜಿಯನ್ನು ನೇರ ಚುಚ್ಚಲಿ, ಇನ್ನೊಂದು ಕೆಳಗಿನಿಂದ ಎಳೆದುಕೊಳ್ಳಲಿ. ಮಣಿಕಟ್ಟು ತಿರುಚುವ ಕೆಲಸವೇ ಉಳಿಯುವುದಿಲ್ಲ. ಲಕ್ವಾ ಹೊಡೆದು ಒಂದೇ ಕೈ ಓಡುವವರೂ ಇದರಲ್ಲಿ ಹೊಲಿಯಬಹುದು, ಮೇಲೆ ಚುಚ್ಚಿ ಅದೇ ಕೈಯನ್ನು ಕೆಳಗೆ ಒಯ್ಯಬೇಕು, ನಿಧಾನ ಅಷ್ಟೆ. ದಾರ 45 ಸೆಂ.ಮೀ. ಮೀರದಿರಲಿ, ಉದ್ದವಾದಷ್ಟೂ ಪ್ರತಿ ಎಳೆತಕ್ಕೂ ತೋಳು ಎತ್ತಬೇಕಾಗುತ್ತದೆ.

ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ (ಆ ಊರಿನದೇ ವಿಶೇಷವೆಂಬ ಭೌಗೋಳಿಕ ಗುರುತು) ಸಿಕ್ಕಿದೆ. ಅಂಥ ಕೆಲಸ ಮಾಡುವವರು ಒಂದು ಕೊರತೆ ತಿಳಿದಿರಬೇಕು. ಈ ಸ್ಟ್ಯಾಂಡ್ ತೆಳು ಬಟ್ಟೆಗೆಂದು ಮಾಡಿದ್ದು. ಪದರ ಬಟ್ಟೆ, ಕನ್ನಡಿ, ಕವಡೆ ಸೇರಿದರೆ ರಿಂಗ್ ಮೂಗು ತಗ್ಗಿಸುತ್ತದೆ. ಓರೆಯ ಕೀಲಿನ ಎರಡು ಮರಗಳ ನಡುವೆ ಸೈಕಲ್ ಟ್ಯೂಬಿನ ಬಿಲ್ಲೆ ಇಟ್ಟು ಬಿಗಿದರೆ ನಿಲ್ಲುತ್ತದೆ. ಅದೇ ಟ್ಯೂಬಿನ ತುಂಡಿನಿಂದ ಹಿಡಿದು ಎಳೆದರೆ ದಪ್ಪ ಪದರದಲ್ಲಿ ಸಿಕ್ಕಿಕೊಂಡ ಸೂಜಿಯೂ ಸಲೀಸಾಗಿ ಬರುತ್ತದೆ. 8 ಇಂಚಿನ ರಿಂಗ್ ಸಾಕು. ಹೊಲಿದ ಕನ್ನಡಿಯ ಮೇಲೆ ರಿಂಗ್ ಕೂರಿಸಬೇಡಿ, ಒಡೆಯುತ್ತದೆ. ಸಕ್ಕರೆ ಕಾಯಿಲೆಯಿಂದ ಬೆರಳು ಜೋಮು ಹಿಡಿದವರು ಗಾಜಿನ ಬದಲು ಪ್ಲಾಸ್ಟಿಕ್ ಕನ್ನಡಿ ಬಳಸಲಿ, ಎದ್ದ ಮೇಲೆ ಬೆರಳ ತುದಿಗಳನ್ನು ಕಣ್ಣಾರೆ ನೋಡಿಕೊಳ್ಳಲಿ. ಗಾಜು ಕುಯ್ದದ್ದು ಅವರಿಗೆ ಗೊತ್ತಾಗುವುದಿಲ್ಲ.

ನಮ್ಮ ಹವೆಗೆ ಮರ ಸುಮ್ಮನಿರುವುದಿಲ್ಲ. ಏಪ್ರಿಲ್, ಮೇ ತಿಂಗಳ 40 ಡಿಗ್ರಿಯ ಒಣಬಿಸಿಲಿಗೆ ಗೂಟಗಳು ಕುಗ್ಗಿ ಕಂಬ ಅಲ್ಲಾಡತೊಡಗುತ್ತದೆ. ಆಗ ಜೋರಾಗಿ ಬಿಗಿದರೆ ಮರ ಸೀಳುತ್ತದೆ. ಗೂಟಕ್ಕೆ ಒಂದು ಸುತ್ತು ತೆಳು ಬಟ್ಟೆಯ ಪಟ್ಟಿ ಸುತ್ತಿ ಕೂರಿಸಿ. ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಂಡಾಗ ಆ ಪಟ್ಟಿ ತೆಗೆದು ಮೇಣದಬತ್ತಿ ಉಜ್ಜಿ. ಎಣ್ಣೆ ಹಾಕಬೇಡಿ, ಬಟ್ಟೆಗೆ ಕಲೆಯಾಗುತ್ತದೆ.

ಜೊತೆಗೆ ಭೂತಗನ್ನಡಿ ದೀಪ ಕೊಳ್ಳುವುದಾದರೆ (ಅದರ ಶಕ್ತಿಯನ್ನು ಡಯಾಪ್ಟರ್ ಎಂಬ ಅಳತೆಯಲ್ಲಿ ಹೇಳುತ್ತಾರೆ) 3 ಡಯಾಪ್ಟರ್‌ನದು ಸಾಕು. 5ರದ್ದು ಇನ್ನಷ್ಟು ದೊಡ್ಡದು ತೋರಿಸಿದರೂ ಬಟ್ಟೆಗೆ 20 ಸೆಂ.ಮೀ. ಒಳಗೇ ಇರಬೇಕು, ಸೂಜಿ ಎಳೆಯುವ ಕೈ ಬಡಿಯುತ್ತದೆ. ಕರೆಂಟು ಹೋಗುವ ಊರಲ್ಲಿ ಚಾರ್ಜಿನದೇ ಮೇಲು. ಕೆಲಸ ಮುಗಿದ ಕೂಡಲೇ ಭೂತಗನ್ನಡಿಯ ಮೇಲೆ ಬಟ್ಟೆ ಮುಚ್ಚಿ, ಕಿಟಕಿಯ ಬಿಸಿಲು ಅದರ ಮೂಲಕ ಒಂದೇ ಕಡೆ ಬಿದ್ದು ಬೆಂಕಿ ಹತ್ತಬಹುದು.

ಸ್ಟ್ಯಾಂಡ್ ಇದೆಯೆಂದು ಗಂಟೆಗಟ್ಟಲೆ ಕೂರುವ ಆಸೆ ಬರುತ್ತದೆ. ಕೈಗೆ ಭಾರ ಕಡಿಮೆಯಾದ್ದರಿಂದ ದಣಿವು ತಡವಾಗಿ ತಿಳಿಯುತ್ತದೆ, ಮರುದಿನ ಬೆರಳು ಮಡಚಲಾಗದು. 20 ನಿಮಿಷಕ್ಕೆ ಅಲಾರಾಂ ಇಟ್ಟು ಏಳಿ. ಬೆಳಗಿನ ಬಿಗಿತ ಬಿಡುವ ಮುಂಚೆ ಸೂಜಿ ಮುಟ್ಟಬೇಡಿ. ಉಗುರುಬೆಚ್ಚಗಿನ ನೀರಲ್ಲಿ ಕೈ ಅದ್ದಿ, ಬೆರಳು ಸಡಿಲವಾದ ಮೇಲೆ ಶುರುಮಾಡಿ. ಸಂಧಿವಾತಕ್ಕೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಥೋಟ್ರೆಕ್ಸೇಟ್ ಮಾತ್ರೆಯ ಮರುದಿನ ಸುಸ್ತಾಗುವವರು ಅಂದು ದಾರದ ಬಣ್ಣ ವಿಂಗಡಿಸಲಿ, ಮುಂದಿನ ಹೂವಿನ ನಕ್ಷೆ ಬರೆದಿಡಲಿ. ಗಂಟು ಕೆಂಪಾಗಿ ಬಿಸಿಯಾಗಿದ್ದರೆ ಅದೂ ಬೇಡ, ರಿಂಗಿನಿಂದ ಬಟ್ಟೆ ಬಿಚ್ಚಿಡಿ. ಬಿಗಿದೇ ಬಿಟ್ಟರೆ ಬಟ್ಟೆಯ ಮೇಲೆ ಉಂಗುರದ ಗೆರೆ ಬಿದ್ದು ಇಸ್ತ್ರಿಗೂ ಹೋಗುವುದಿಲ್ಲ.