32 ಬಿಟ್ ಯುಇಎಫ್‌ಐ ಇರುವ ಆಟಂ ಮಿನಿ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ 12: ದೀರ್ಘ ಬಳಕೆಯ ವಿಮರ್ಶೆ

ರೇಟಿಂಗ್: 5ಕ್ಕೆ 3.5

2013ರಿಂದೀಚೆಗೆ ಬಂದ, ಇಂಟೆಲ್‌ನ ಬೇ ಟ್ರೇಲ್ ಪೀಳಿಗೆಯ ಆಟಂ ಪ್ರೊಸೆಸರ್ ಇರುವ ಮಿನಿ ಲ್ಯಾಪ್‌ಟಾಪ್‌ಗಳದ್ದು ಒಂದು ವಿಚಿತ್ರ ಸ್ಥಿತಿ. ಪ್ರೊಸೆಸರ್ 64 ಬಿಟ್, ಆದರೆ ಹಲವು ಮಾದರಿಗಳ ಯುಇಎಫ್‌ಐ ಫರ್ಮ್‌ವೇರ್ (ಯಂತ್ರ ಆನ್ ಆದೊಡನೆ ಓಎಸ್ ಅನ್ನು ಎಬ್ಬಿಸುವ ಒಳ ತಂತ್ರಾಂಶ) ಮಾತ್ರ 32 ಬಿಟ್. ಹಳೆಯ ಬಯೋಸ್ ಮೋಡ್ ಕೂಡ ಇರುವುದಿಲ್ಲ. ಹಾಗಾಗಿ 64 ಬಿಟ್ ವಿಂಡೋಸ್ ಇವುಗಳ ಮೇಲೆ ಕೂರುವುದೇ ಇಲ್ಲ. ಲಿನಕ್ಸ್ ಪೆನ್‌ಡ್ರೈವ್ ಹಾಕಿದರೂ ಬೂಟ್ ಮೆನುವಿನಲ್ಲಿ ಅದರ ಹೆಸರೇ ಕಾಣದಿದ್ದರೆ ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅದರ 'ಇಎಫ್‌ಐ/ಬೂಟ್' ಫೋಲ್ಡರ್‌ನಲ್ಲಿ 'ಬೂಟ್‌ಐಎ32.ಇಎಫ್‌ಐ' ಕಡತ ಇದೆಯೇ ನೋಡಿ. ಅದಿಲ್ಲದ ಇಮೇಜ್ ಇಲ್ಲಿ ಬೂಟ್ ಆಗದು.

64 ಬಿಟ್ ಕರ್ನೆಲ್ (ಲಿನಕ್ಸ್‌ನ ತಿರುಳು) 32 ಬಿಟ್ ಯುಇಎಫ್‌ಐ ಮೇಲೆ ಓಡುವ 'ಮಿಕ್ಸ್ಡ್ ಮೋಡ್' 2014ರಲ್ಲಿ, ಕರ್ನೆಲ್ 3.15ಕ್ಕೆ ಬಂತು. ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್ ತನ್ನ 8ನೇ ಆವೃತ್ತಿಯಿಂದಲೇ ಮಲ್ಟಿ ಆರ್ಚ್ (32, 64 ಬಿಟ್ ಎರಡನ್ನೂ ಒಳಗೊಂಡ) ಇಮೇಜ್ ಮೂಲಕ ಈ ದಾರಿ ಹಿಡಿದಿದೆ. ಇನ್‌ಸ್ಟಾಲ್‌ಗೆ ಮೊದಲು ಸೆಕ್ಯೂರ್ ಬೂಟ್ ಆಫ್ ಮಾಡಿ. ಯುಎಸ್‌ಬಿ ಪೋರ್ಟ್ ಒಂದೇ ಇದ್ದರೆ ಕೀಬೋರ್ಡ್, ಪೆನ್‌ಡ್ರೈವ್, ಫೋನ್ ಮೂರಕ್ಕೂ ಸೇರಿ ಒಂದು ಹಬ್ ಬೇಕು. ಫೋನ್ ಯಾಕೆಂದರೆ ಮೊದಲ ದಿನ ವೈಫೈ ಕೈಕೊಡುವುದೇ ಹೆಚ್ಚು, ಯುಎಸ್‌ಬಿ ಟೆದರಿಂಗ್ ಆಗ ಆಸರೆ. ಮರುಬೂಟ್ ಆದಮೇಲೆ ಗ್ರಬ್ (ಓಎಸ್ ಅನ್ನು ಶುರು ಮಾಡುವ ಬೂಟ್ ಲೋಡರ್) ಮಾಯವಾದರೆ ಅದನ್ನು ರಿಮೂವಬಲ್ ಮೀಡಿಯಾ ಪಾತ್‌ಗೂ (ಅದೇ 'ಇಎಫ್‌ಐ/ಬೂಟ್' ಫೋಲ್ಡರ್) ಹಾಕಿ. ಕೆಲವು ಫರ್ಮ್‌ವೇರ್‌ಗಳು ಹೊಸ ಬೂಟ್ ಎಂಟ್ರಿಯನ್ನು ನೆನಪಿಟ್ಟುಕೊಳ್ಳುವುದಿಲ್ಲ.

ಬ್ರಾಡ್‌ಕಾಮ್ ವೈಫೈ ಇದ್ದರೆ ಫರ್ಮ್‌ವೇರ್ ಪ್ಯಾಕೇಜ್ ಹಾಕಿದರಷ್ಟೇ ಸಾಲದು. ಆಯಾ ಬೋರ್ಡ್‌ನ ಎನ್‌ವಿರ್‍ಯಾಮ್ ಕಡತವೂ (ವೈಫೈ ಚಿಪ್‌ನ ಹೊಂದಾಣಿಕೆ ವಿವರ) ಬೇಕು. ಹಲವು ಯಂತ್ರಗಳಲ್ಲಿ ಅದು ಫರ್ಮ್‌ವೇರ್‌ನ ಇಎಫ್‌ಐ ವೇರಿಯಬಲ್‌ಗಳಲ್ಲೇ ಕೂತಿರುತ್ತದೆ. ಅಲ್ಲಿಂದ ನಕಲಿಸಿ, ಚಿಪ್ಪಿಗೆ ತಕ್ಕ ಹೆಸರು ಕೊಟ್ಟು 'ಬಿಆರ್‌ಸಿಎಂ' ಫೋಲ್ಡರ್‌ಗೆ ಹಾಕಬೇಕು. ಸರಿಯಾದ ಹೆಸರು ಯಾವುದೆಂದು ಡಿಮೆಸೇಜ್ (ಕರ್ನೆಲ್‌ನ ಸಂದೇಶಗಳ ದಾಖಲೆ) ನೋಡಿದರೆ ಗೊತ್ತಾಗುತ್ತದೆ.

ಇದ್ದಕ್ಕಿದ್ದಂತೆ ಪರದೆ ಹೆಪ್ಪುಗಟ್ಟುವುದು ಬೇ ಟ್ರೇಲ್‌ನ ಹಳೇ ರೋಗ. ಪ್ರೊಸೆಸರ್ ಆಳವಾದ ನಿದ್ರೆಯ ಸಿ ಸ್ಟೇಟ್‌ಗೆ ಇಳಿದಾಗ ಹೀಗಾಗುತ್ತದೆ. ಹೊಸ ಕರ್ನೆಲ್‌ಗಳಲ್ಲಿ ಕಡಿಮೆಯಾಗಿದೆ. ಆದರೂ ಕಾಡಿದರೆ ಗ್ರಬ್‌ನ ಕರ್ನೆಲ್ ಸಾಲಿಗೆ 'ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1' ಸೇರಿಸಿ. ಬ್ಯಾಟರಿ ಮಾತ್ರ ಬೇಗ ಕರಗುತ್ತದೆ.

ಕ್ಯಾಮೆರಾದ ಆಸೆ ಬಿಡಿ.

2 ಜಿಬಿ ರ್‍ಯಾಮ್ ಬೋರ್ಡ್‌ಗೇ ಬೆಸುಗೆಯಾಗಿರುವುದರಿಂದ ಹೆಚ್ಚಿಸಲು ಬರುವುದಿಲ್ಲ. ಭಾರವಾದ ಗ್ನೋಮ್ ಡೆಸ್ಕ್‌ಟಾಪ್ ಬೇಡ, ಹಗುರವಾದ ಎಲ್‌ಎಕ್ಸ್‌ಕ್ಯೂಟಿ ಸಾಕು. ಜೊತೆಗೆ, ಮೆಮೊರಿಯಲ್ಲಿರುವುದನ್ನು ಕುಗ್ಗಿಸಿ ಜಾಗ ಉಳಿಸುವ ಜಿರ್‍ಯಾಮ್ ಹಾಕಿ. ಯೂಟ್ಯೂಬ್ ತಡವರಿಸಲು ರ್‍ಯಾಮ್ ಒಂದೇ ಕಾರಣವಲ್ಲ: ಅದು ಕಳಿಸುವ ವಿಪಿ9 ಬಗೆಯ ವಿಡಿಯೊವನ್ನು ಬಿಡಿಸುವ ಹಾರ್ಡ್‌ವೇರ್ ಈ ಚಿಪ್‌ನಲ್ಲಿಲ್ಲ. ಎಚ್.264 ಅನ್ನೇ ಕೇಳುವ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿ, ಬ್ರೌಸರ್‌ನಲ್ಲಿ ವಿಎ-ಎಪಿಐ (ವಿಡಿಯೊ ಬಿಡಿಸುವ ಕೆಲಸವನ್ನು ಹಾರ್ಡ್‌ವೇರ್‌ಗೆ ಕೊಡುವ ವ್ಯವಸ್ಥೆ) ಚಾಲೂ ಇದೆಯೇ ಖಚಿತಪಡಿಸಿಕೊಳ್ಳಿ.